ಹೊಂಡದ ಮೀನಿಗೆ ಗಿಡಮೂಲಿಕೆ: ಎಷ್ಟು ನಂಬಬಹುದು, ಹೇಗೆ ಬಳಸಬೇಕು?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಹಸುವಿನ ಡಾಕ್ಟರು ಮೀನಿನ ವಿಷಯ ಮಾತನಾಡಲು ನಿಂತಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೆ ಕಾರಣ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯನ್ನೇ ನಂಬಿದ ಊರುಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾದವು. ನೀರು ನಿಂತ ಮೇಲೆ ನಾಲ್ಕು ಮೀನು ಮರಿ ಬಿಡೋಣ ಎಂಬ ಆಸೆ ಸಹಜ. ಹೀಗಾಗಿ ಹಸುವಿಗೆ ಜ್ವರ ಎಂದು ಕರೆದವರು ಸೂಜಿ ಹಾಕಿಸಿಕೊಂಡ ಮೇಲೆ, "ಸಾರ್, ಹಾಗೇ ಒಂದು ನಿಮಿಷ ಹೊಂಡದ ಕಡೆಗೂ ಬನ್ನಿ" ಎನ್ನುತ್ತಾರೆ.

ಅಲ್ಲಿ ಅವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: "ಹಸುವಿಗೆ ಹಾಲು ಹೆಚ್ಚಿಸುವ ಪುಡಿ ಇರುವಂತೆ ಮೀನಿಗೂ ಗಿಡಮೂಲಿಕೆಯ ಪುಡಿ, ಅರ್ಕ ಬಂದಿದೆಯಂತೆ. ಮೇವಿಗೆ ಬೆರೆಸಿದರೆ ಮೀನು ಬೇಗ ಬೆಳೆಯುತ್ತದಂತೆ, ರೋಗ ಬರುವುದಿಲ್ಲವಂತೆ. ಹಾಕಬಹುದೇ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡಮೂಲಿಕೆಯಿಂದ ಮೀನಿಗೆ ಉಪಯೋಗವಿದೆ, ಅದು ಸುಳ್ಳಲ್ಲ. ಆದರೆ ನೀರು ಮತ್ತು ಮೇವು ಸರಿ ಇರುವ ಹೊಂಡದಲ್ಲಿ, ಅಳತೆ ಪ್ರಕಾರ, ಸರಿಯಾದ ಕಾಲದಲ್ಲಿ ಕೊಟ್ಟರೆ ಮಾತ್ರ. ಕೆಟ್ಟ ನೀರಿಗೆ ಅದು ಮದ್ದಲ್ಲ. ಹೊಂಡದ ತಪ್ಪನ್ನು ತಿದ್ದದೆ ಬಾಟಲಿ ಕೊಂಡರೆ ಬಾಟಲಿಯ ಹಣವೂ ಹೋಗುತ್ತದೆ, ಮೀನೂ ಹೋಗುತ್ತದೆ.

ಗಿಡಮೂಲಿಕೆಯ ಕಡೆಗೆ ಗಮನ ಏಕೆ ಹರಿಯಿತು?

ಕೋಳಿ, ಹಂದಿ, ಮೀನು ಬೇಗ ಬೆಳೆಯಲೆಂದು ಮೇವಿನಲ್ಲಿ ಸಣ್ಣ ಪ್ರಮಾಣದ ಆಂಟಿಬಯೋಟಿಕ್ ಬೆರೆಸುವ ಅಭ್ಯಾಸ ಹಲವು ದೇಶಗಳಲ್ಲಿ ಬಹಳ ಕಾಲ ನಡೆಯಿತು. ಕೆಡುಕು ಆಮೇಲೆ ಗೊತ್ತಾಯಿತು. ದಿನವೂ ಸ್ವಲ್ಪ ಸ್ವಲ್ಪ ಔಷಧಿ ಕಂಡ ರೋಗಾಣುಗಳು ಆ ಔಷಧಿಗೆ ಜಗ್ಗದಂತಾಗುತ್ತವೆ. ನಾಳೆ ಅದೇ ಔಷಧಿ ಹಸುವಿಗೂ ನಾಟುವುದಿಲ್ಲ, ಮನೆಯ ಮಗುವಿಗೂ ನಾಟುವುದಿಲ್ಲ. ಸ್ವೀಡನ್ ದೇಶ 1986ರಲ್ಲಿಯೇ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಕೊಡುವುದನ್ನು ನಿಲ್ಲಿಸಿತು. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿ 2006ರ ಜನವರಿ 1ರಿಂದ ಅದು ನಿಂತಿತು. ನಮ್ಮ ದೇಶದಲ್ಲಿ ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಬಳಸಬಾರದೆಂದು 2019ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಜಾತಿಯ ಔಷಧಿಗಳನ್ನಂತೂ ತಿನ್ನುವ ಮೀನಿಗೆ ಮುಟ್ಟಿಸಲೇಬಾರದು.

ಆಂಟಿಬಯೋಟಿಕ್ ಬಿಟ್ಟರೆ ಬದಲಿಗೆ ಏನು ಎಂಬ ಪ್ರಶ್ನೆ ಬಂದಾಗ ವಿಜ್ಞಾನಿಗಳ ಕಣ್ಣು ಬೆಳ್ಳುಳ್ಳಿ, ಅರಿಶಿನ, ಶುಂಠಿ, ತುಳಸಿ, ಅಶ್ವಗಂಧ, ಉತ್ತರಾಣಿಯಂಥ ಗಿಡಗಳ ಮೇಲೆ ಬಿತ್ತು. ನಮಗೆ ಇವು ಹೊಸವಲ್ಲ. ಕೆಚ್ಚಲು ಬಾವಿಗೆ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಅರೆದು ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿದೆ. ನಿಮ್ಮಲ್ಲಿ ಹಲವರು ಮಾಡಿ ನೋಡಿದ್ದೀರಿ. ಇಲ್ಲಿ ಒಂದು ಮಾತು ಗಮನಿಸಿ. ಅರಿಶಿನ, ಲೋಳೆಸರ ಯಾವಾಗಲೂ ಇದ್ದವು. ಎಷ್ಟು ಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಅಳತೆ ಗೊತ್ತಾದ ಮೇಲೆ ಅದು ಚಿಕಿತ್ಸೆ ಆಯಿತು. ಮೀನಿನ ವಿಷಯದಲ್ಲೂ ಇದೇ ಮಾತು.

ಮೀನಿನ ದೇಹದಲ್ಲಿ ಗಿಡಮೂಲಿಕೆ ಏನು ಮಾಡುತ್ತದೆ?

ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರಿನ ಶಾಖ ಎಷ್ಟಿದೆಯೋ ಮೈಯ ಶಾಖ ಸುಮಾರು ಅಷ್ಟೇ. ಹಸುವಿಗೆ ಲಸಿಕೆ ಹಾಕಿದರೆ ಮೈಯಲ್ಲಿ ರೋಗನಿರೋಧಕ ವಸ್ತುಗಳು ಹುಟ್ಟುತ್ತವಲ್ಲ, ಮೀನಿನಲ್ಲೂ ಹುಟ್ಟುತ್ತವೆ. ಆದರೆ ನಿಧಾನ, ಚಳಿಗಾಲದಲ್ಲಿ ಇನ್ನೂ ನಿಧಾನ. ಹೀಗಾಗಿ ಮೀನು ಹೆಚ್ಚಾಗಿ ಹುಟ್ಟಿನಿಂದ ಬಂದ ಕಾವಲನ್ನೇ ನಂಬಿಕೊಂಡಿರುತ್ತದೆ. ಮೈಮೇಲಿನ ಲೋಳೆ ಮೊದಲ ಕಾವಲು. ಆ ಲೋಳೆಯಲ್ಲಿ ರೋಗಾಣುಗಳ ಗೋಡೆ ಒಡೆಯುವ ಲೈಸೋಜೈಮ್ ಎಂಬ ವಸ್ತು ಇದೆ. ಅದನ್ನು ದಾಟಿ ಒಳಗೆ ಬಂದ ರೋಗಾಣುವನ್ನು ರಕ್ತದ ಬಿಳಿ ಕಣಗಳು ನುಂಗುತ್ತವೆ.

ಕೆಲವು ಗಿಡಗಳ ಸಾರ ಈ ಕಾವಲುಗಾರರನ್ನು ಎಚ್ಚರಗೊಳಿಸುತ್ತದೆ. ಬಿಳಿ ಕಣಗಳು ಚುರುಕಾಗುತ್ತವೆ, ಲೈಸೋಜೈಮ್ ಹೆಚ್ಚುತ್ತದೆ. ಎರಡನೆಯದಾಗಿ, ವಾಸನೆ ಮತ್ತು ಖಾರದಿಂದ ಮೇವು ರುಚಿಸಿ ಜೀರ್ಣರಸಗಳು ಹೆಚ್ಚು ಸುರಿಯುತ್ತವೆ. ಮೂರನೆಯದಾಗಿ, ಕರುಳಿನಲ್ಲಿರುವ ಕೆಲವು ಕೆಟ್ಟ ರೋಗಾಣುಗಳು ತಗ್ಗುತ್ತವೆ. ಬೆಳವಣಿಗೆ ಹೆಚ್ಚುತ್ತದೆ ಎನ್ನುವುದು ಬಹುಮಟ್ಟಿಗೆ ಇದರ ಫಲ: ತಿಂದದ್ದು ಮೈಗೆ ಹತ್ತುತ್ತದೆ. ಮೇವೇ ಸಾಲದ ಮೀನಿಗೆ ಯಾವ ಮೂಲಿಕೆ ಕೊಟ್ಟರೂ ಮೈಗೆ ಹತ್ತಲು ಏನೂ ಇರುವುದಿಲ್ಲ.

ಇನ್ನೊಂದು ವಿಷಯ. ಕಾವಲುಗಾರನನ್ನು ವರ್ಷವಿಡೀ ಹಗಲೂ ರಾತ್ರಿ ಎಬ್ಬಿಸಿ ಕೂರಿಸಿದರೆ ಅವನು ದಣಿಯುತ್ತಾನೆ. ಮೂಲಿಕೆಯನ್ನು ಎಡೆಬಿಡದೆ ತಿಂಗಳುಗಟ್ಟಲೆ ಕೊಟ್ಟರೆ ಪರಿಣಾಮ ಕುಗ್ಗುತ್ತದೆ. ಕಷ್ಟ ಬರುವ ಕಾಲಕ್ಕೆ ಸ್ವಲ್ಪ ಮೊದಲು ಎರಡು ಮೂರು ವಾರ ಕೊಟ್ಟು ನಿಲ್ಲಿಸುವುದು ಮೇಲು.

ಪರೀಕ್ಷೆಗಳು ಏನು ಹೇಳುತ್ತವೆ?

ನಮ್ಮ ದೇಶದಲ್ಲೇ ರೋಹು ಮೀನಿನ ಮೇಲೆ ಒಳ್ಳೆಯ ಪರೀಕ್ಷೆಗಳು ನಡೆದಿವೆ. ರೋಹು ಮರಿಗಳಿಗೆ ಒಂದು ಕಿಲೋ ಮೇವಿಗೆ 1 ಗ್ರಾಂ, 5 ಗ್ರಾಂ, 10 ಗ್ರಾಂ ಹೀಗೆ ಬೇರೆ ಬೇರೆ ಅಳತೆಯಲ್ಲಿ ಬೆಳ್ಳುಳ್ಳಿ ಬೆರೆಸಿ 60 ದಿನ ತಿನ್ನಿಸಿದರು. ಆಮೇಲೆ ಏರೋಮೋನಾಸ್ ಹೈಡ್ರೋಫಿಲಾ ಎಂಬ ರೋಗಾಣುವನ್ನು ಬೇಕೆಂದೇ ಮೀನಿಗೆ ಚುಚ್ಚಿದರು. ಮೀನಿನ ಮೈ ಹುಣ್ಣಾಗಲು, ಹೊಟ್ಟೆ ಉಬ್ಬಲು ಕಾರಣವಾಗುವ ರೋಗಾಣು ಇದು. ಬೆಳ್ಳುಳ್ಳಿ ತಿಂದ ಗುಂಪಿನಲ್ಲಿ ಬದುಕಿ ಉಳಿದ ಮೀನು ಹೆಚ್ಚು. ಇದು 2007ರಲ್ಲಿ ಪ್ರಕಟವಾಯಿತು. ಅದಕ್ಕೆ ಒಂದು ವರ್ಷ ಮೊದಲು, 2006ರಲ್ಲಿ, ನಮ್ಮ ಬೇಲಿ ಸಾಲಿನ ಉತ್ತರಾಣಿ ಗಿಡವನ್ನು ಇದೇ ರೋಹುವಿಗೆ ಕೊಟ್ಟು ಅಂಥದೇ ಫಲ ಕಂಡಿದ್ದರು. 2010ರಲ್ಲಿ ಅಶ್ವಗಂಧದ ಬೇರಿನ ಸರದಿ. ಕಿಲೋ ಮೇವಿಗೆ 1, 2, 3 ಗ್ರಾಂ ಹೀಗೆ ಗುಂಪು ಮಾಡಿ 42 ದಿನ ಕೊಟ್ಟು ನೋಡಿದರು. ಅಲ್ಲೂ ಮೀನಿನ ತಾಳಿಕೆ ಹೆಚ್ಚಿತು.

ಈ ಪರೀಕ್ಷೆಗಳಿಂದ ನಾವು ಕಲಿಯಬೇಕಾದ ಪಾಠ ಎರಡು. ಮೊದಲನೆಯದು, ಬೇಕಾಗುವ ಪ್ರಮಾಣ ಬಹಳ ಕಡಿಮೆ. ಕಿಲೋ ಮೇವಿಗೆ ಕೆಲವೇ ಗ್ರಾಂ. ಹಿಡಿಗಟ್ಟಲೆ ಹಾಕಿದರೆ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡನೆಯದು, ಇವೆಲ್ಲ ತೊಟ್ಟಿಯಲ್ಲಿ ನಡೆದ ಪರೀಕ್ಷೆಗಳು. ಶುದ್ಧ ನೀರು, ತೂಕದ ಮೇವು, ಎಣಿಸಿದ ಮೀನು, ಸಾಕಷ್ಟು ಗಾಳಿ. ನಮ್ಮ ಹೊಂಡ ಹಾಗಿಲ್ಲ. ಸಗಣಿ, ಎಲೆ, ಮಳೆನೀರು, ಕೆಸರು ಎಲ್ಲ ಬಂದು ಸೇರುತ್ತದೆ. ತೊಟ್ಟಿಯಲ್ಲಿ ಬಂದ ಫಲ ಹಾಗೇ ಹೊಂಡದಲ್ಲೂ ಬರುತ್ತದೆ ಎಂದು ಯಾರಾದರೂ ಬಾಟಲಿ ಹಿಡಿದು ಹೇಳಿದರೆ ಪೂರ್ತಿ ಒಪ್ಪಬೇಡಿ.

ಗಿಡ ಎಂದ ಮಾತ್ರಕ್ಕೆ ನಿರಪಾಯವಲ್ಲ

"ಗಿಡಮೂಲಿಕೆ ತಾನೇ ಸಾರ್, ಒಳ್ಳೆಯದು ಆಗದಿದ್ದರೂ ಕೆಟ್ಟದ್ದೇನೂ ಆಗುವುದಿಲ್ಲ" ಎಂದು ಹೇಳುವವರಿದ್ದಾರೆ. ಈ ಮಾತು ಮೀನಿಗೆ ಸಲ್ಲದು.

ಮೀನು ಮರಿ ಬಿಡುವ ಮೊದಲು ಕೆರೆಯಲ್ಲಿರುವ ಬೇಡದ ಮೀನನ್ನು ಕೊಲ್ಲಲು ಏನು ಹಾಕುತ್ತಾರೆ ಗೊತ್ತೇ? ಹಿಪ್ಪೆ ಹಿಂಡಿ. ಒಂದು ಮೀಟರ್ ನೀರಿರುವ ಒಂದು ಹೆಕ್ಟೇರಿಗೆ 2000ದಿಂದ 2500 ಕಿಲೋ ಹಾಕುವುದು ರೂಢಿಯ ಅಳತೆ. ಅದರಲ್ಲಿರುವ ನೊರೆ ಬರಿಸುವ ವಸ್ತು ಕಿವಿರಿನ ಮೂಲಕ ರಕ್ತ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ. ಆ ವಿಷ ಇಳಿಯಲು ಎರಡು ಮೂರು ವಾರ ಬೇಕು. ಹಳ್ಳದ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕಿ, ಮತ್ತು ಬಂದ ಮೀನನ್ನು ಕೈಯಲ್ಲೇ ಹಿಡಿಯುತ್ತಿದ್ದುದನ್ನು ನಮ್ಮ ಹಿರಿಯರು ನೋಡಿದ್ದಾರೆ. ಹಿಪ್ಪೆಯೂ ಗಿಡವೇ, ಕಾರೆಯೂ ಗಿಡವೇ. ಹತ್ತಿಬೀಜದ ಹಿಂಡಿಯಲ್ಲಿರುವ ಗಾಸಿಪಾಲ್ ಕೂಡ ಹೆಚ್ಚಾದರೆ ಮೀನಿಗೆ ಒಗ್ಗದು. ಬೇವಿನ ಎಣ್ಣೆ, ಬೇವಿನ ಕಷಾಯ ಅಳತೆ ಮೀರಿದರೆ ಹುಳುವಿಗೂ ಮದ್ದು, ಮೀನಿಗೂ ಮದ್ದು.

ಹಸುವಿನ ಬಾಯಿಗೆ ಹಾಕಿದ ಮದ್ದು ಹೊಟ್ಟೆಗೆ ಹೋಗುತ್ತದೆ. ಹೊಂಡಕ್ಕೆ ಹಾಕಿದ ಮದ್ದಿನಲ್ಲಿ ಮೀನು ಹಗಲೂ ರಾತ್ರಿ ಮುಳುಗಿರುತ್ತದೆ. ಈ ವ್ಯತ್ಯಾಸ ನೆನಪಿನಲ್ಲಿರಲಿ. ಆದ್ದರಿಂದ ಮೂಲಿಕೆಯನ್ನು ಮೇವಿಗೆ ಬೆರೆಸಿ ಕೊಡಬೇಕೇ ಹೊರತು ನೀರಿಗೆ ಸುರಿಯಬಾರದು.

ಮೀನು ಸತ್ತರೆ ಮೊದಲು ಕಾರಣ ಹುಡುಕಿ

ಒಬ್ಬ ಸದಸ್ಯರ ಹೊಂಡದ ವಿಷಯ ಹೇಳುತ್ತೇನೆ. ಹೆಸರು ಬೇಡ. ಆರು ಹಸು ಕಟ್ಟಿ ಸಂಘಕ್ಕೆ ಚೆನ್ನಾಗಿ ಹಾಲು ಹಾಕುವ ಮನೆ. ಕೊಟ್ಟಿಗೆ ತೊಳೆದ ನೀರು ಹಾಳಾಗಬಾರದೆಂದು ಕಾಲುವೆ ತೆಗೆದು ನೇರ ಹೊಂಡಕ್ಕೆ ಬಿಟ್ಟಿದ್ದರು. ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ರೋಗ ಎಂದು ಯಾರೋ ಹೇಳಿದ್ದರಿಂದ ರೋಗನಿರೋಧಕ ಶಕ್ತಿ ಹೆಚ್ಚಿಸುವ ಗಿಡಮೂಲಿಕೆ ಅರ್ಕದ ಎರಡು ಬಾಟಲಿ ತಂದು ಮೇವಿಗೆ ಬೆರೆಸಿ ಕೊಟ್ಟರು. ಮೂರು ದಿನ ಮೋಡ ಮುಸುಕಿತು. ನಾಲ್ಕನೆಯ ಬೆಳಿಗ್ಗೆ ದೊಡ್ಡ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಎಂಟು ತಿಂಗಳ ಸಾಕಣೆ ಒಂದೇ ರಾತ್ರಿಯಲ್ಲಿ ಹೋಯಿತು. ಆ ತಾಯಿ ದಂಡೆಯ ಮೇಲೆ ಕುಳಿತು, "ಔಷಧಿನೂ ಹಾಕಿದ್ವಲ್ಲ ಸಾರ್" ಎಂದು ಅತ್ತರು.

ನಾನು ಮೀನನ್ನು ನೋಡಿದೆ. ಮೈಮೇಲೆ ಹುಣ್ಣಿಲ್ಲ, ಹೊಟ್ಟೆ ಉಬ್ಬಿಲ್ಲ. ಬಾಯಿ ತೆರೆದಿದೆ. ಸತ್ತದ್ದೆಲ್ಲ ದೊಡ್ಡ ಮೀನು. ಸಣ್ಣವು ದಂಡೆಯಂಚಿನಲ್ಲಿ ಇನ್ನೂ ಓಡಾಡುತ್ತಿವೆ. ರೋಗದಿಂದ ಸಾಯುವ ಮೀನು ಹೀಗೆ ಸಾಯುವುದಿಲ್ಲ. ಇದು ಉಸಿರು ಕಟ್ಟಿದ ಸಾವು.

ಹಗಲಿನಲ್ಲಿ ನೀರಿನ ಹಸಿರು ಪಾಚಿ ಬಿಸಿಲಿನಿಂದ ಆಮ್ಲಜನಕ ತಯಾರಿಸುತ್ತದೆ. ರಾತ್ರಿ ಪಾಚಿಯೂ, ಮೀನೂ, ಕೊಳೆಯುವ ಸಗಣಿಯೂ ಅದನ್ನೇ ಬಳಸುತ್ತವೆ. ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆಯಾಗುತ್ತದೆ. ಮೋಡದ ದಿನ ತಯಾರಾಗುವುದೇ ಕಡಿಮೆ. ಮೇಲಿಂದ ಸಗಣಿ ಹೆಚ್ಚಾದರೆ ಸಾವು ಖಂಡಿತ. ಆ ಬಾಟಲಿಯಲ್ಲಿ ಎಷ್ಟು ಒಳ್ಳೆಯ ಮೂಲಿಕೆ ಇದ್ದರೂ ಅದರಿಂದ ಆಮ್ಲಜನಕ ಹುಟ್ಟುವುದಿಲ್ಲ.

ಸಗಣಿಯ ಲೆಕ್ಕ ನೋಡಿ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ಸುಮಾರು ನಾಲ್ಕೂಕಾಲು ಗುಂಟೆ. ಹೆಕ್ಟೇರಿಗೆ ವರ್ಷಕ್ಕೆ 10 ಟನ್ ಸಗಣಿ ಎಂಬ ಲೆಕ್ಕದಲ್ಲಿ ಈ ಹೊಂಡಕ್ಕೆ ವರ್ಷಕ್ಕೆ ಬೇಕಾದದ್ದು ಸುಮಾರು 450 ಕಿಲೋ. ಒಂದು ಮಿಶ್ರತಳಿ ಹಸು ದಿನಕ್ಕೆ 15 ಕಿಲೋ ಸಗಣಿ ಹಾಕುತ್ತದೆ ಎಂದಿಟ್ಟುಕೊಳ್ಳಿ. ಆರು ಹಸುಗಳ ಐದು ದಿನದ ಸಗಣಿ ಆ ಹೊಂಡಕ್ಕೆ ಇಡೀ ವರ್ಷಕ್ಕೆ ಸಾಕು! ಅದನ್ನೂ ಒಂದೇ ಸಲ ಅಲ್ಲ, ಐದರಲ್ಲಿ ಒಂದು ಪಾಲನ್ನು ಮರಿ ಬಿಡುವ ಮೊದಲು, ಉಳಿದದ್ದನ್ನು ತಿಂಗಳು ತಿಂಗಳು ಹಂಚಿ ಹಾಕಬೇಕು. ಹಾಲು ಉತ್ಪಾದಕರಾದ ನಮ್ಮ ಹೊಂಡಗಳಲ್ಲಿ ಮೀನಿನ ಮೊದಲ ಶತ್ರು ರೋಗವಲ್ಲ, ನಮ್ಮದೇ ಕೊಟ್ಟಿಗೆಯ ಕಾಲುವೆ.

ಇನ್ನೊಂದು ಅಪಾಯವೂ ಆ ಕಾಲುವೆಯಲ್ಲೇ ಬರುತ್ತದೆ. ಹಸುವಿನ ಉಣ್ಣೆಗೆ ಹಾಕುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಿಗಳು ಹಸು ತಾಳಿಕೊಳ್ಳುವಂಥವು. ಮೀನಿಗೆ ಮಾತ್ರ ಘೋರ ವಿಷ. ಔಷಧಿ ಹಚ್ಚಿದ ದಿನ ಹಸುವಿನ ಮೈ ತೊಳೆದ ನೀರು, ಬಕೆಟ್ ತೊಳೆದ ನೀರು ಹೊಂಡದ ಕಡೆಗೆ ಹರಿಯಲೇಬಾರದು.

ಸತ್ತ ಮೀನು ನೋಡಿದ ಕೂಡಲೇ ಗಮನಿಸಬೇಕಾದದ್ದು ಇಷ್ಟು. ಬೆಳಗಿನ ಜಾವ, ದೊಡ್ಡ ಮೀನು ಮೊದಲು ಸತ್ತಿದ್ದರೆ ಉಸಿರಿನ ತೊಂದರೆ. ಸಣ್ಣದು ದೊಡ್ಡದು ಎನ್ನದೆ ಒಟ್ಟಿಗೆ, ನೀರಿನ ಹುಳುಹುಪ್ಪಟೆಯೂ ಸತ್ತಿದ್ದರೆ ವಿಷದ ಸಂಶಯ. ದಿನಕ್ಕೆ ಎರಡು ಮೂರರಂತೆ, ಮೈಮೇಲೆ ಹುಣ್ಣು, ಕೆಂಪು ಕಲೆ, ಉಬ್ಬಿದ ಹೊಟ್ಟೆ ಇದ್ದು ಸಾಯುತ್ತಿದ್ದರೆ ಅದು ರೋಗ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ಕಂಡರೆ ಆ ದಿನ ಮೇವು, ಸಗಣಿ ಎರಡನ್ನೂ ನಿಲ್ಲಿಸಿ. ಪಂಪು ಹಚ್ಚಿ ಹೊಂಡದ ನೀರನ್ನೇ ಎತ್ತಿ ಎತ್ತರದಿಂದ ಚಿಮ್ಮಿಸಿ ಹೊಂಡಕ್ಕೇ ಬೀಳಿಸಿ. ಹೊಸ ನೀರು ಇದ್ದರೆ ಬಿಡಿ. ನೀರು ಹೇಗಿದೆ ಎಂದು ತಿಳಿಯಲು ಯಂತ್ರ ಬೇಡ. ಬಿಸಿಲಿನಲ್ಲಿ ಕೈ ಮುಳುಗಿಸಿ. ಮೊಣಕೈವರೆಗೆ ಮುಳುಗುವಷ್ಟರಲ್ಲಿ ಅಂಗೈ ಮಸುಕಾದರೆ ನೀರು ಹದವಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಿದ್ದರೆ ಸಗಣಿ ಹಾಕುವುದನ್ನು ನಿಲ್ಲಿಸಿ.

ಮನೆಯಲ್ಲೇ ಬೆಳ್ಳುಳ್ಳಿ ಮೇವು ಮಾಡುವ ಕ್ರಮ

ನೀರು ಸರಿ ಇದೆ, ಮರಿ ಒಳ್ಳೆಯದಿದೆ, ಮೇವು ಸಾಕಷ್ಟು ಸಿಗುತ್ತಿದೆ. ಈಗ ಮೂಲಿಕೆಯ ಮಾತು. ಮೊದಲು ಹಾಕುವವರು ಬೆಳ್ಳುಳ್ಳಿಯಿಂದಲೇ ಆರಂಭಿಸಿ. ಮನೆಯಲ್ಲಿ ಸಿಗುತ್ತದೆ, ಅಳತೆ ಗೊತ್ತಿದೆ, ತಿನ್ನುವವರಿಗೂ ತೊಂದರೆ ಇಲ್ಲ.

ಮೇಲೆ ಹೇಳಿದ ಹೊಂಡಕ್ಕೆ ಸುಮಾರು 400 ಬೆರಳುದ್ದದ ಮರಿ ಬಿಟ್ಟಿದ್ದೀರಿ, 350 ಉಳಿದಿವೆ, ಒಂದೊಂದು ಸರಾಸರಿ 200 ಗ್ರಾಂ ಬಂದಿದೆ ಎಂದಿಟ್ಟುಕೊಳ್ಳೋಣ. ಒಟ್ಟು ತೂಕ 70 ಕಿಲೋ. ನೂರಕ್ಕೆ ಎರಡರಂತೆ ದಿನಕ್ಕೆ 1 ಕಿಲೋ 400 ಗ್ರಾಂ ಮೇವು. ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಪಾಲು. ಕಿಲೋ ಮೇವಿಗೆ 10 ಗ್ರಾಂ ಹಸಿ ಬೆಳ್ಳುಳ್ಳಿ ಸಾಕು. ಎಂದರೆ ದಿನಕ್ಕೆ 14 ಗ್ರಾಂ. ಎರಡು ವಾರಕ್ಕೆ 200 ಗ್ರಾಂ ಸಾಲುತ್ತದೆ. ಸಂತೆಯಲ್ಲಿ ಇದಕ್ಕೆ ಎಷ್ಟಾಗುತ್ತದೆ ಎಂದು ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಒಣ ಪುಡಿಯಾದರೆ ಈ ಅಳತೆಯ ಮೂರರಲ್ಲಿ ಒಂದು ಪಾಲು ಹಾಕಿ. ಹಸಿ ಬೆಳ್ಳುಳ್ಳಿಯ ತೂಕದಲ್ಲಿ ಹೆಚ್ಚಿನ ಪಾಲು ನೀರು.

ಮಾಡುವ ಕ್ರಮ ಹೀಗೆ. ಬೆಳ್ಳುಳ್ಳಿ ಸುಲಿದು ಚೆನ್ನಾಗಿ ಜಜ್ಜಿ ಹತ್ತು ನಿಮಿಷ ಬಿಡಿ. ಇಡೀ ಎಸಳಿನಲ್ಲಿ ಮದ್ದಿನ ಗುಣದ ಅಲ್ಲಿಸಿನ್ ಇರುವುದಿಲ್ಲ. ಜಜ್ಜಿದಾಗ ಎರಡು ವಸ್ತುಗಳು ಕೂಡಿ ಅದು ಹುಟ್ಟುತ್ತದೆ. ಬೇಯಿಸಿದರೆ ಆ ಗುಣ ಹೋಗುತ್ತದೆ. ಆದ್ದರಿಂದ ಒಲೆಯ ಮೇಲೆ ಇಡಬೇಡಿ. ಅಕ್ಕಿ ಗಂಜಿ ಕಾಯಿಸಿ, ಪೂರ್ತಿ ಆರಿದ ಮೇಲೆ ಜಜ್ಜಿದ ಬೆಳ್ಳುಳ್ಳಿ ಸೇರಿಸಿ, ತೌಡು ಹಿಂಡಿಗೆ ಕಲಸಿ ಉಂಡೆ ಮಾಡಿ. ಗಂಜಿ ಇಲ್ಲದಿದ್ದರೆ ಸಾರವೆಲ್ಲ ನೀರಿಗೆ ಬಿಟ್ಟುಕೊಳ್ಳುತ್ತದೆ, ಮೀನಿಗೆ ಸಿಗುವುದಿಲ್ಲ. ಅಂದಿನದನ್ನು ಅಂದೇ ಬಳಸಿ. ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ ಇಳಿಬಿಡಿ, ಇಲ್ಲವೇ ತಟ್ಟೆಯಲ್ಲಿಟ್ಟು ಮುಳುಗಿಸಿ. ಎರಡು ಗಂಟೆಯ ಮೇಲೆ ಎತ್ತಿ ನೋಡಿ. ಮೇವು ಉಳಿದಿದ್ದರೆ ಮರುದಿನ ಕಡಿಮೆ ಮಾಡಿ.

ಯಾವಾಗ ಕೊಡಬೇಕು? ಮರಿ ಬಿಟ್ಟು ಮೇವು ಹಿಡಿದ ಮೇಲೆ ಒಂದು ಸಲ, ಚಳಿ ಬೀಳುವ ಮುನ್ನ ಒಂದು ಸಲ, ಬಲೆ ಎಳೆದು ಮೀನು ಬೇರ್ಪಡಿಸುವ ಕೆಲಸ ಇದ್ದರೆ ಅದಕ್ಕೆ ಎರಡು ವಾರ ಮೊದಲು ಒಂದು ಸಲ. ಪ್ರತಿ ಸಲವೂ ಎರಡು ವಾರ. ಅಷ್ಟೇ.

ಹಿಂಡಿಯ ವಿಷಯದಲ್ಲಿ ಒಂದು ಎಚ್ಚರ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ಹಸುವಿಗೆ ಹಾಕಿದರೆ ಅದರ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಬರುತ್ತದೆ ಎಂದು ಇಲ್ಲಿ ಹಲವು ಸಲ ಹೇಳಿದ್ದೇವೆ. ಹಸುವಿಗೆ ಬೇಡವೆಂದು ತೆಗೆದಿಟ್ಟ ಅದೇ ಹಿಂಡಿಯನ್ನು ಮೀನಿಗೆ ಹಾಕುವುದನ್ನು ನಾನು ನೋಡಿದ್ದೇನೆ. ಮೀನಿನ ಈಲಿಯನ್ನೂ ಅದು ಕೆಡಿಸುತ್ತದೆ. ಬೂಷ್ಟಿನ ಮೇವಿಗೆ ಬೆಳ್ಳುಳ್ಳಿ ಬೆರೆಸಿದರೆ ವಾಸನೆ ಮುಚ್ಚುತ್ತದೆ, ವಿಷ ಹೋಗುವುದಿಲ್ಲ.

ಬಾಟಲಿ ಕೊಳ್ಳುವ ಮುನ್ನ

ಅಂಗಡಿಯ ಎಲ್ಲ ಪುಡಿಯೂ ಮೋಸ ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಸಂಘದಲ್ಲಿ ಫ್ಯಾಟ್, ಡಿಗ್ರಿ ನೋಡದೆ ಒಂದು ಲೀಟರ್ ಹಾಲನ್ನಾದರೂ ತೆಗೆದುಕೊಳ್ಳುತ್ತೇವೆಯೇ? ಹಾಲಿಗೆ ಒಂದು ನ್ಯಾಯ, ಬಾಟಲಿಗೆ ಒಂದು ನ್ಯಾಯ ಏಕೆ? ಕೊಳ್ಳುವಾಗ ಇಷ್ಟು ಕೇಳಿ. ಯಾವ ಗಿಡ, ಅದರ ಯಾವ ಭಾಗ? ಒಣಗಿಸಿದ ಪುಡಿಯೋ, ಭಟ್ಟಿ ಇಳಿಸಿದ ಸಾರವೋ? ಕಿಲೋ ಮೇವಿಗೆ ಎಷ್ಟು ಗ್ರಾಂ? ತಯಾರಾದ ದಿನ, ಮುಗಿಯುವ ದಿನ ಯಾವುದು? ಚೀಟಿಯ ಮೇಲೆ ಇವು ಇಲ್ಲದಿದ್ದರೆ ಹಾಗೇ ಇಟ್ಟು ಬನ್ನಿ. ಒಂದೇ ಗಿಡದ ಗುಣವೂ ಮಣ್ಣು, ಕಾಲ, ಒಣಗಿಸಿದ ರೀತಿಯಿಂದ ಬದಲಾಗುತ್ತದೆ. ಸಾರವನ್ನು ಅಳೆದು ನೋಡಿರದ ಪುಡಿ ಈ ಸಲ ನಾಟಬಹುದು, ಮುಂದಿನ ಸಲ ನಾಟದಿರಬಹುದು.

ಒಂದೇ ರಾತ್ರಿಯಲ್ಲಿ ಸಾವು ನಿಲ್ಲಿಸುತ್ತದೆ ಎಂದು ಹೇಳುವ ಗಿಡಮೂಲಿಕೆಯನ್ನು ಅನುಮಾನದಿಂದ ನೋಡಿ. ಗಿಡಮೂಲಿಕೆ ಕೆಲಸ ಮಾಡುವುದು ವಾರಗಳ ಲೆಕ್ಕದಲ್ಲಿ.

ನಿಜವಾಗಿ ಉಪಯೋಗ ಆಯಿತೋ ಇಲ್ಲವೋ ಎಂದು ನೀವೇ ಪರೀಕ್ಷಿಸಬಹುದು. ಒಂದೇ ಊರಿನ ಇಬ್ಬರು ಸದಸ್ಯರು ಒಂದೇ ದಿನ, ಒಂದೇ ಕಡೆಯ ಮರಿ ತಂದು, ಒಂದೇ ಮೇವು ಹಾಕಿ. ಒಬ್ಬರು ಮೂಲಿಕೆ ಹಾಕಲಿ, ಇನ್ನೊಬ್ಬರು ಹಾಕದಿರಲಿ. ತಿಂಗಳಿಗೊಮ್ಮೆ ಬೀಸುಬಲೆಯಲ್ಲಿ ಇಪ್ಪತ್ತು ಮೀನು ಹಿಡಿದು ತೂಗಿ ಪುಸ್ತಕದಲ್ಲಿ ಬರೆಯಿರಿ. ಮೇವಿನ ಖರ್ಚು, ಮೂಲಿಕೆಯ ಖರ್ಚು, ಸತ್ತ ಮೀನಿನ ಎಣಿಕೆ ಬರೆಯಿರಿ. ಸಂಘದ ಹಾಲಿನ ಲೆಕ್ಕ ಇಡುವ ಕೈಗಳಿಗೆ ಇದು ಕಷ್ಟವಲ್ಲ. ಎರಡು ಹೊಂಡ ಎಂದ ಮೇಲೆ ನೀರಿನಲ್ಲೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಮುಂದಿನ ವರ್ಷ ಅದಲುಬದಲು ಮಾಡಿ ನೋಡಿ.

ಬೆಳವಣಿಗೆಯ ವಿಷಯದಲ್ಲಿ ಇನ್ನೊಂದು ಮಾತು. ಮೂಲಿಕೆಗಿಂತ ದೊಡ್ಡ ವ್ಯತ್ಯಾಸ ಮಾಡುವುದು ಮರಿ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ಆಯ್ದ ತಳಿಯಿಂದ ಬೆಳೆಸಿದ ಜಯಂತಿ ರೋಹುವನ್ನು 1997ರಲ್ಲಿ ಬಿಡುಗಡೆ ಮಾಡಿತು. ನಮ್ಮ ರಾಜ್ಯದಲ್ಲಿ ಹೆಸರಘಟ್ಟದಿಂದ ಬಂದ ಅಮೂರ್ ಗೆಂಡೆಯ ತಳಿ ಹಳೆಯ ಗೆಂಡೆಗಿಂತ ಚೆನ್ನಾಗಿ ಬೆಳೆಯುತ್ತದೆ. ಒಳ್ಳೆಯ ತಳಿಯ ಎಮ್ಮೆ ಹಸುವಿಗೆ ಹುಡುಕಾಡುವ ನಾವು ಮೀನು ಮರಿಯನ್ನು ಮಾತ್ರ ಸೈಕಲ್ ಮೇಲೆ ತಂದವರಿಂದ ಕಣ್ಣು ಮುಚ್ಚಿ ಕೊಳ್ಳಬಾರದು.

ಸದಸ್ಯರ ಪ್ರಶ್ನೆಗಳು

ಭಾಷಣದ ನಂತರ ಸದಸ್ಯರು ಕೇಳಿದ ಕೆಲವು ಪ್ರಶ್ನೆ ಮತ್ತು ಉತ್ತರಗಳು:

ಪ್ರಶ್ನೆ: ಬೇವಿನ ಸೊಪ್ಪು, ತುಳಸಿ ಸೊಪ್ಪನ್ನು ಹೊರೆಗಟ್ಟಲೆ ಹೊಂಡಕ್ಕೆ ಹಾಕಬಹುದೇ?

ಉತ್ತರ: ಬೇಡ. ಸೊಪ್ಪು ಕೊಳೆತು ಆಮ್ಲಜನಕ ತಿನ್ನುತ್ತದೆ. ಬೇವು ಹೆಚ್ಚಾದರೆ ವಿಷವೂ ಹೌದು. ಹೊಂಡದ ದಡದಲ್ಲಿ ಬೇವಿನ ಮರ ಇದ್ದು ಎಲೆ ಉದುರುತ್ತಿದ್ದರೆ ಆಗಾಗ ಬಾಚಿ ತೆಗೆಯಿರಿ.

ಪ್ರಶ್ನೆ: ಹಸುವಿಗೆ ತಂದ ಪಶು ಆಹಾರವನ್ನೇ ಮೀನಿಗೆ ಹಾಕಿದರೆ?

ಉತ್ತರ: ಪಶು ಆಹಾರ ಮೆಲುಕು ಹಾಕುವ ಹೊಟ್ಟೆಗೆ ತಯಾರಾದದ್ದು. ಅದರಲ್ಲಿ ಯೂರಿಯಾ ಸೇರಿರಬಹುದು. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನ್ ಮಾಡಿಕೊಡುತ್ತವೆ. ಮೀನಿಗೆ ಆ ವ್ಯವಸ್ಥೆ ಇಲ್ಲ. ತೌಡು ಹಿಂಡಿಯೇ ಮೇಲು, ಇಲ್ಲವೇ ಮೀನಿಗೆಂದೇ ತಯಾರಾದ ಗುಳಿಗೆ ಮೇವು.

ಪ್ರಶ್ನೆ: ಮೈಮೇಲೆ ಹುಣ್ಣಾದ ಮೀನಿಗೆ ಬೆಳ್ಳುಳ್ಳಿ ಮೇವು ಕೊಟ್ಟರೆ ವಾಸಿಯಾಗುತ್ತದೆಯೇ?

ಉತ್ತರ: ಹುಣ್ಣಾದ ಮೀನು ಮೊದಲು ಬಿಡುವುದೇ ಮೇವು. ತಿನ್ನದ ಮೀನಿಗೆ ಮೇವಿನ ಮದ್ದು ಹೇಗೆ ಹೋದೀತು? 1988ರಲ್ಲಿ ನಮ್ಮ ದೇಶಕ್ಕೆ ಬಂದ ದೊಡ್ಡ ಹುಣ್ಣು ರೋಗಕ್ಕೆ ಬೂಷ್ಟಿನಂಥ ಒಂದು ಜೀವಿ ಮೂಲ. ಅದಕ್ಕೆ ನೀರಿಗೆ ಸುಣ್ಣ ಅಥವಾ ಸಿಫಾಕ್ಸ್ ಔಷಧಿಯ ಉಪಚಾರವಿದೆ. ಹೊಂಡದ ಅಳತೆ ನೋಡಿ ಪ್ರಮಾಣ ಹೇಳಬೇಕು. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ತಕ್ಷಣ ತಿಳಿಸಿ. ಆ ಮೀನನ್ನಾಗಲಿ ಬಲೆಯನ್ನಾಗಲಿ ಬೇರೆ ಹೊಂಡಕ್ಕೆ ಒಯ್ಯಬೇಡಿ. ಹಸುವಿಗೆ ತಂದು ಉಳಿದ ಆಂಟಿಬಯೋಟಿಕ್ ಅನ್ನು ಹೊಂಡಕ್ಕೆ ಸುರಿಯುವ ಕೆಲಸವಂತೂ ಬೇಡವೇ ಬೇಡ.

ಪ್ರಶ್ನೆ (ಒಬ್ಬ ತಾಯಿ ಕೇಳಿದ್ದು): ಮೂಲಿಕೆ ತಿಂದ ಮೀನನ್ನು ಮಕ್ಕಳಿಗೆ ಕೊಡಬಹುದೇ?

ಉತ್ತರ: ಬೆಳ್ಳುಳ್ಳಿ, ಅರಿಶಿನ ತಿಂದ ಮೀನಾದರೆ ಧಾರಾಳವಾಗಿ ಕೊಡಿ ತಾಯಿ. ಸಾರಿಗೆ ನಾವು ಹಾಕುವುದೂ ಅದನ್ನೇ. ಆದರೆ ಒಳಗೆ ಏನಿದೆ ಎಂದು ಗೊತ್ತಿಲ್ಲದ ಪುಡಿ ತಿಂದ ಮೀನನ್ನು ನಾನು ನನ್ನ ಮನೆಯಲ್ಲಿ ತಿನ್ನುವುದಿಲ್ಲ.

ಕೊನೆಯದಾಗಿ, ಇಂದು ಮನೆಗೆ ಹೋದ ಮೇಲೆ ಮಾಡಬೇಕಾದ ಕೆಲಸ ಮೂರು. ಕೊಟ್ಟಿಗೆಯ ಕಾಲುವೆಯನ್ನು ಹೊಂಡದಿಂದ ತಿಪ್ಪೆಯ ಕಡೆಗೆ, ಇಲ್ಲವೇ ಗೋಬರ್ ಗ್ಯಾಸಿನ ಗುಂಡಿಯ ಕಡೆಗೆ ತಿರುಗಿಸಿ. ನಾಳೆ ಬೆಳಗಿನ ಜಾವ ಹಾಲು ಕರೆಯಲು ಎದ್ದಾಗ ಹೊಂಡದ ಬಳಿ ಹೋಗಿ ಮೀನು ಬಾಯಿ ಬಿಡುತ್ತಿದೆಯೇ ನೋಡಿ. ಇವೆರಡೂ ಸರಿಯಾದ ಮೇಲೆ ಬೇಕಿದ್ದರೆ 200 ಗ್ರಾಂ ಬೆಳ್ಳುಳ್ಳಿ ತನ್ನಿ. ಈ ಕ್ರಮ ತಪ್ಪದಿರಲಿ.